ಕೊಳೆಯದ ಹಲಗೆ, ಕೊಳೆಯುವ ಗೋಡೆ

ಮನೆಯ ಗೋಡೆಗೋ ಚಾವಣಿಗೋ ಹೊದಿಸುವ ಫೋಮ್ ಹಲಗೆಯಲ್ಲಿ ಶಾಖವನ್ನು ತಡೆಯುವುದು ಪ್ಲಾಸ್ಟಿಕ್ ಅಲ್ಲ, ಪ್ಲಾಸ್ಟಿಕ್ಕಿನ ತೆಳುಗೋಡೆಗಳ ನಡುವೆ ಅಲುಗಾಡದಂತೆ ಸೆರೆಸಿಕ್ಕಿರುವ ಗಾಳಿ ಅಥವಾ ಅಂಥದೇ ಇನ್ನೊಂದು ಅನಿಲ. ಒಂದು ವಸ್ತುವಿನ ಮೂಲಕ ಶಾಖ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ತಿಳಿಸುವ ಅಳತೆಗೆ ಉಷ್ಣವಾಹಕತೆ ಎಂದು ಹೆಸರು. ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ ನಿಶ್ಚಲ ಗಾಳಿಯ ಉಷ್ಣವಾಹಕತೆ ಸುಮಾರು 0.026, ನೀರಿನದು 0.6, ಮಂಜುಗಡ್ಡೆಯದು 2.2. ಹಲಗೆಯೊಳಗಿನ ಗಾಳಿಯ ಜಾಗವನ್ನು ನೀರು ಆಕ್ರಮಿಸಿದಷ್ಟೂ ಆ ಜಾಗದಲ್ಲಿ ಶಾಖದ ಹರಿವು ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗುತ್ತದೆ, ಆ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿತೆಂದರೆ ಇನ್ನೂ ನಾಲ್ಕು ಪಟ್ಟು ಸಲೀಸಾಗುತ್ತದೆ. ಒದ್ದೆಯಾದ ನಿರೋಧಕ ಹಲಗೆ ತನ್ನ ಕೆಲಸ ಮಾಡುವುದಿಲ್ಲ ಎಂಬ ಮಾತಿನ ಹಿಂದಿರುವುದು ಇಷ್ಟೇ ಲೆಕ್ಕ. ಆದರೆ ಕಟ್ಟಡಗಳಲ್ಲಿ ಆಗುವ ಹಾನಿಯ ಹೆಚ್ಚಿನ ಪಾಲು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಏಕೆಂದರೆ ಫೋಮ್ ಕೊಳೆಯುವ ವಸ್ತುವಲ್ಲ. ಕೊಳೆಯುವುದು ಅದಕ್ಕೆ ಒತ್ತಿಕೊಂಡಿರುವ ಮರ ಮತ್ತು ಕಾಗದ, ತುಕ್ಕು ಹಿಡಿಯುವುದು ಮೊಳೆ.

ಮಾರುಕಟ್ಟೆಯಲ್ಲಿರುವ ಹಲಗೆಗಳಲ್ಲಿ ಮೂರು ಬಗೆಗಳು ಮುಖ್ಯವಾದವು. ಭಾರತದಲ್ಲಿ ಥರ್ಮಕೋಲ್ ಎಂದೇ ಎಲ್ಲರೂ ಗುರುತಿಸುವ ಇಪಿಎಸ್ ಹಲಗೆಯನ್ನು ಪೆಂಟೇನ್ ಅನಿಲ ತುಂಬಿದ ಪಾಲಿಸ್ಟೈರೀನ್ ಮಣಿಗಳನ್ನು ಹಬೆಯಲ್ಲಿ ಉಬ್ಬಿಸಿ, ಅಚ್ಚಿನಲ್ಲಿ ಒಂದಕ್ಕೊಂದು ಬೆಸೆಯುವಂತೆ ಒತ್ತಿ ತಯಾರಿಸುತ್ತಾರೆ. ಮಣಿಯೊಳಗೆ ನೀರು ಸುಲಭವಾಗಿ ಹೋಗದಿದ್ದರೂ ಮಣಿ ಮಣಿಗಳ ನಡುವೆ ಉಳಿಯುವ ಸಂದಿಗಳಲ್ಲಿ ನುಸುಳುತ್ತದೆ. ಅದೇ ಪಾಲಿಸ್ಟೈರೀನನ್ನು ಕರಗಿಸಿ, ಅನಿಲ ಬೆರೆಸಿ, ಸೀಳು ಬಾಯಿಯ ಮೂಲಕ ಹೊರತಳ್ಳಿದಾಗ ಸಿಗುವುದು ಎಕ್ಸ್‌ಪಿಎಸ್. ನೀಲಿ, ಗುಲಾಬಿ ಅಥವಾ ಹಸಿರು ಬಣ್ಣದಲ್ಲಿ ಬರುವ ಈ ಹಲಗೆಯಲ್ಲಿ ಗುಳ್ಳೆಗಳು ಒತ್ತೊತ್ತಾಗಿದ್ದು ನಡುವೆ ಸಂದಿಯೇ ಇರುವುದಿಲ್ಲ. ಮನೆಗಳಿಗೆ ಬರುವ ಮೊದಲು ಇದು ನೀರಿನ ಮೇಲೆಯೇ ಹೆಸರು ಮಾಡಿತ್ತು: 1942ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಇದನ್ನು ಜೀವರಕ್ಷಕ ತೆಪ್ಪಕ್ಕೆ ಬಳಸಿಕೊಂಡಿತು. ಮೂರನೆಯದು ಪಾಲಿಐಸೊಸಯನ್ಯುರೇಟ್, ಬಳಕೆಯಲ್ಲಿ ಪಾಲಿಐಸೊ. ಎರಡೂ ಮುಖಗಳಿಗೆ ಅಲ್ಯೂಮಿನಿಯಂ ಹಾಳೆಯನ್ನೋ ನಾರಿನ ಹೊದಿಕೆಯನ್ನೋ ಅಂಟಿಸಿಕೊಂಡೇ ಬರುವ ಈ ಹಲಗೆ ಮುಖದಲ್ಲಿ ಗಟ್ಟಿಯಾಗಿದ್ದರೂ ಕತ್ತರಿಸಿದ ಅಂಚಿನಲ್ಲಿ ನೀರು ಹೀರುತ್ತದೆ.

ಪ್ರಯೋಗಾಲಯದಲ್ಲಿ ಹಲಗೆಯ ತುಂಡನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು ಹೀರಿಕೆಯನ್ನು ಅಳೆಯುವುದು ರೂಢಿ. ಅಮೆರಿಕದ ಎಎಸ್‌ಟಿಎಂ ಮಾನದಂಡದ ಪ್ರಕಾರ ಎಕ್ಸ್‌ಪಿಎಸ್ ತನ್ನ ಗಾತ್ರದ ಶೇ. 0.3ಕ್ಕಿಂತ ಹೆಚ್ಚು ನೀರು ಹೀರಬಾರದು. ಇಪಿಎಸ್‌ಗೆ ಅದರ ಸಾಂದ್ರತೆಯನ್ನು ನೋಡಿಕೊಂಡು ಶೇ. 2ರಿಂದ 4ರವರೆಗೆ ರಿಯಾಯಿತಿ ಇದೆ. ಈ ಅಂಕಿಗಳನ್ನಷ್ಟೇ ನೋಡಿದವರು ಎಕ್ಸ್‌ಪಿಎಸ್ ಕೊಂಡು ನಿಶ್ಚಿಂತರಾಗುತ್ತಾರೆ. ಆದರೆ ಮಣ್ಣಿನೊಳಗಿನ ಹಲಗೆ ನೀರಿನ ಮುಖ ನೋಡುವುದು ಒಂದು ದಿನವಲ್ಲ, ದಶಕಗಳ ಕಾಲ. ಮಿನೆಸೊಟಾ ರಾಜ್ಯದ ಸೇಂಟ್ ಪಾಲ್‌ನಲ್ಲಿ ಕಟ್ಟಡವೊಂದರ ತಳಪಾಯದ ಗೋಡೆಗೆ 15 ವರ್ಷ ಅಂಟಿಕೊಂಡಿದ್ದ ಎರಡೂ ಬಗೆಯ ಹಲಗೆಗಳನ್ನು 2008ರಲ್ಲಿ ಅಗೆದು ತೆಗೆದು ಪರೀಕ್ಷಿಸಿದಾಗ ಇಪಿಎಸ್‌ನಲ್ಲಿ ಗಾತ್ರದ ಶೇ. 4.8ರಷ್ಟು, ಎಕ್ಸ್‌ಪಿಎಸ್‌ನಲ್ಲಿ ಶೇ. 18.9ರಷ್ಟು ನೀರಿತ್ತು. ನಾಲ್ಕು ವಾರ ಒಣಗಲು ಬಿಟ್ಟ ಮೇಲೆ ಮೊದಲನೆಯದು ಶೇ. 0.7ಕ್ಕೆ ಇಳಿದರೆ ಎರಡನೆಯದು ಶೇ. 15.7ರಲ್ಲೇ ನಿಂತಿತು. ಪರೀಕ್ಷೆಗೆ ಹಣ ಕೊಟ್ಟದ್ದು ಇಪಿಎಸ್ ಉದ್ಯಮ, ಪರೀಕ್ಷೆಗೊಳಗಾದ ಜಾಗವೂ ಒಂದೇ; ಆದ್ದರಿಂದ ಇದನ್ನು ಎಕ್ಸ್‌ಪಿಎಸ್ ವಿರುದ್ಧದ ತೀರ್ಪೆಂದು ಓದುವುದು ಅವಸರವಾದೀತು. ಆದರೆ ಒಣಗುವ ವೇಗದಲ್ಲಿ ಕಂಡ ಅಂತರಕ್ಕೆ ಭೌತವಿಜ್ಞಾನದ ಆಧಾರವಿದೆ. ನೀರನ್ನು ಒಳಬಿಡದ ರಚನೆ ಒಳಹೊಕ್ಕ ನೀರನ್ನು ಹೊರಗೂ ಬಿಡುವುದಿಲ್ಲ. ಹಲಗೆಯ ಬೆಚ್ಚಗಿನ ಬದಿಯಿಂದ ತಣ್ಣನೆಯ ಬದಿಗೆ ವರ್ಷಗಟ್ಟಲೆ ಸಾಗುವ ಆವಿ ಗುಳ್ಳೆಯ ಗೋಡೆಯನ್ನು ಅಣು ಅಣುವಾಗಿ ದಾಟಿ ಒಳಗೆ ನೀರಾಗಿ ನಿಂತಿತೆಂದರೆ, ಅದು ಹಿಂದಿರುಗುವುದಕ್ಕೂ ಅಷ್ಟೇ ನಿಧಾನದ ದಾರಿಯೊಂದೇ ಉಳಿಯುತ್ತದೆ.

ಇನ್ನು ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಮಳೆ ಮತ್ತು ಮಣ್ಣಿನ ನೀರು ಕಣ್ಣಿಗೆ ಕಾಣುವ ಮೂಲಗಳು. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ತಾನಾಗಿ ಮೇಲೇರುವುದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ಬುಡದಲ್ಲಿ ತಡೆಪದರ ಇಲ್ಲದ ಗೋಡೆ ಈ ದಾರಿಯಲ್ಲಿ ಸದಾ ಪಸೆಯಾಗಿರುತ್ತದೆ. ಕಣ್ಣಿಗೆ ಕಾಣದ ಮೂಲವೆಂದರೆ ಮನೆಯೊಳಗಿನ ಗಾಳಿ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಸೊನ್ನೆ ಡಿಗ್ರಿಗೆ ಇಳಿದಾಗ ಐದು ಗ್ರಾಂ ಕೂಡ ಹಿಡಿಸುವುದಿಲ್ಲ. ತಣಿಯುತ್ತಾ ಹೋದ ಗಾಳಿ ಯಾವ ಉಷ್ಣತೆಯಲ್ಲಿ ತನ್ನ ಆವಿಯನ್ನು ಹನಿಯಾಗಿ ಬಿಟ್ಟುಕೊಡಲು ಆರಂಭಿಸುತ್ತದೆಯೋ ಅದು ಇಬ್ಬನಿ ಬಿಂದು. 21 ಡಿಗ್ರಿಯ, ಶೇ. 40 ಸಾಪೇಕ್ಷ ಆರ್ದ್ರತೆಯ ಗಾಳಿಗೆ, ಎಂದರೆ ಆ ಉಷ್ಣತೆಯಲ್ಲಿ ಹಿಡಿಸುವ ಆವಿಯ ಶೇ. 40ರಷ್ಟನ್ನು ಮಾತ್ರ ಹೊತ್ತ ಗಾಳಿಗೆ, ಈ ಬಿಂದು ಸುಮಾರು 7 ಡಿಗ್ರಿ. ಚಿಕಾಗೋ ಅಥವಾ ಟೊರಾಂಟೊದ ಜನವರಿಯಲ್ಲಿ ಗೋಡೆಯ ಹೊರಪದರ ಇದಕ್ಕಿಂತ ಎಷ್ಟೋ ತಣ್ಣಗಿರುತ್ತದೆ.

ಈ ಆವಿ ಗೋಡೆಯೊಳಗೆ ಸೇರುವುದು ಎರಡು ರೀತಿಯಲ್ಲಿ. ವಸ್ತುವಿನ ಮೂಲಕವೇ ಅಣುಗಳು ನುಸುಳಿಹೋಗುವ ವಿಸರಣೆ ಒಂದು, ಬಿರುಕು ಸಂದಿಗಳಲ್ಲಿ ಗಾಳಿಯೊಂದಿಗೆ ಹರಿದುಹೋಗುವುದು ಇನ್ನೊಂದು. ಅಮೆರಿಕದ ಬಿಲ್ಡಿಂಗ್ ಸೈನ್ಸ್ ಕಾರ್ಪೊರೇಷನ್ನಿನ ಪ್ರಸಿದ್ಧ ಲೆಕ್ಕವೊಂದರಂತೆ, ನಾಲ್ಕಡಿಗೆ ಎಂಟಡಿಯ ಜಿಪ್ಸಮ್ ಬೋರ್ಡಿನ ಮೂಲಕ ಒಂದು ಚಳಿಗಾಲವಿಡೀ ವಿಸರಣೆಯಿಂದ ಹೋಗುವ ನೀರು ಲೀಟರಿನ ಮೂರನೆಯ ಒಂದು ಭಾಗದಷ್ಟಿದ್ದರೆ, ಅದೇ ಬೋರ್ಡಿನಲ್ಲಿ ಒಂದು ಚದರ ಇಂಚಿನ ತೂತಿದ್ದರೆ ಅದರ ಮೂಲಕ ಗಾಳಿಯೊಂದಿಗೆ ಹೋಗುವ ನೀರು ಸುಮಾರು ಮೂವತ್ತು ಲೀಟರ್. ಆವಿಯನ್ನು ತಡೆಯಲು ಗೋಡೆಗೆ ಹೊದಿಸುವ ಪಾಲಿಥಿನ್ ಹಾಳೆಯ ದಪ್ಪದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಮನೆ ಕಟ್ಟುವವರು ಸ್ವಿಚ್ ಪೆಟ್ಟಿಗೆಯ ಸುತ್ತಲಿನ ಸಂದಿಯನ್ನು ಬಿಟ್ಟುಬಿಡುವುದು ಎಷ್ಟು ತಲೆಕೆಳಗಾದ ಕ್ರಮ ಎಂಬುದು ಇದರಿಂದ ಗೊತ್ತಾಗುತ್ತದೆ. ನಾಲ್ವರ ಕುಟುಂಬ ಉಸಿರು, ಸ್ನಾನ, ಅಡುಗೆಗಳಿಂದ ದಿನಕ್ಕೆ ಹತ್ತು ಲೀಟರ್ ಆಸುಪಾಸಿನ ನೀರನ್ನು ಮನೆಯ ಗಾಳಿಗೆ ಸೇರಿಸುತ್ತದೆ. ಅಂಥ ಚಳಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಸಾರು ಕುದಿಯುವಾಗ, ಇಡ್ಲಿ ಬೇಯುವಾಗ, ಚಳಿಗೆ ಹೆದರಿ ಬಟ್ಟೆಯನ್ನು ಒಳಗೇ ಹರವಿದಾಗ ಈ ಪ್ರಮಾಣ ಏರುವುದರಿಂದ, ಅಡುಗೆಮನೆಯ ಗಾಳಿಯನ್ನು ಹೊರಕ್ಕೆ ದೂಡುವ ಫ್ಯಾನು ಅಲ್ಲಿ ವಾಸನೆಗಷ್ಟೇ ಅಲ್ಲ, ಗೋಡೆಯ ಆಯುಸ್ಸಿಗೂ ಬೇಕು.

ಫೋಮ್ ತಾನು ಉಳಿದು ನೆರೆಯ ವಸ್ತುಗಳನ್ನು ಕೆಡಿಸಿದ ದೊಡ್ಡ ಪ್ರಕರಣ ನಡೆದದ್ದು ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಕರಾವಳಿಯ ವಿಲ್ಮಿಂಗ್ಟನ್‌ನಲ್ಲಿ. ಇಪಿಎಸ್ ಹಲಗೆಯನ್ನು ಗೋಡೆಯ ಹೊರಮೈಗೆ ಅಂಟಿಸಿ, ಅದರ ಮೇಲೆ ಜಾಲರಿ ಮತ್ತು ತೆಳುವಾದ ಗಿಲಾವು ಬಳಿಯುವ ಪದ್ಧತಿ ಯುದ್ಧಾನಂತರದ ಜರ್ಮನಿಯಲ್ಲಿ ರೂಪುಗೊಂಡು 1960ರ ದಶಕದ ಕೊನೆಗೆ ಅಮೆರಿಕಕ್ಕೆ ಬಂದಿತ್ತು. ಜರ್ಮನಿಯಲ್ಲಿ ಅದರ ಹಿಂದಿದ್ದುದು ಇಟ್ಟಿಗೆ, ಕಾಂಕ್ರೀಟುಗಳ ಗೋಡೆ. ಅಮೆರಿಕದಲ್ಲಿ ಇದ್ದುದು ಮರದ ಚೌಕಟ್ಟು ಮತ್ತು ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಓಎಸ್‌ಬಿ ಹಲಗೆ. 1995ರ ಸುಮಾರಿಗೆ ವಿಲ್ಮಿಂಗ್ಟನ್‌ನ ಹೊಸ ಮನೆಗಳ ಹೊರಮೈಯನ್ನು ಕತ್ತರಿಸಿ ನೋಡಿದಾಗ, ಮೇಲಿನ ಗಿಲಾವು ಸುಂದರವಾಗಿಯೇ ಇದ್ದು, ಅದರ ಹಿಂದಿನ ಫೋಮ್ ಕೂಡ ಬಿಳುಪು ಮಾಸದೆ ಉಳಿದಿದ್ದು, ಅದರ ಹಿಂದಿನ ಓಎಸ್‌ಬಿ ಮಾತ್ರ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಕೊಳೆತಿರುವುದು ಒಂದರ ನಂತರ ಒಂದು ಮನೆಯಲ್ಲಿ ಕಂಡುಬಂತು. ಮಳೆನೀರು ಫೋಮನ್ನು ತೂರಿ ಬಂದಿರಲಿಲ್ಲ. ಕಿಟಕಿಯ ಮೂಲೆಗಳಲ್ಲಿ, ಚಾವಣಿ ಗೋಡೆಗೆ ಸೇರುವ ಕಡೆಗಳಲ್ಲಿ ನೀರನ್ನು ಹೊರಕ್ಕೆ ತಿರುಗಿಸುವ ತಗಡಿನ ಪಟ್ಟಿ ಇಲ್ಲದ್ದರಿಂದ ಅದು ಹಿಂದಕ್ಕೆ ಜಾರಿತ್ತು. ಹೊರಗೆ ಫೋಮ್ ಮತ್ತು ಗಿಲಾವು, ಒಳಗೆ ಅನೇಕ ಮನೆಗಳಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದುದರಿಂದ ಒಳಹೊಕ್ಕ ನೀರಿಗೆ ಯಾವ ಕಡೆಗೂ ಒಣಗುವ ದಾರಿ ಉಳಿದಿರಲಿಲ್ಲ. ಆಮೇಲೆ ಬಂದ ಪದ್ಧತಿಯಲ್ಲಿ ಫೋಮಿನ ಹಿಂದೆ ನೀರು ಇಳಿದು ಬುಡದಲ್ಲಿ ಹೊರಬೀಳಲು ಸಣ್ಣ ಅಂತರವನ್ನು ಬಿಡಲಾಯಿತು. ಪರಿಪೂರ್ಣವಾಗಿ ಮುಚ್ಚುತ್ತೇವೆ ಎಂಬ ಹಟವನ್ನು ಬಿಟ್ಟು, ನೀರು ಹೇಗೂ ಬರುತ್ತದೆ ಎಂದು ಒಪ್ಪಿಕೊಂಡ ಆ ಕೆಲವು ಮಿಲಿಮೀಟರುಗಳ ಜಾಗ ಈ ಕ್ಷೇತ್ರದಲ್ಲಾದ ಅತ್ಯಂತ ವಿವೇಕದ ಬದಲಾವಣೆ ಎನ್ನಬಹುದು.

ಮನೆಯವರೇ ಹೆಚ್ಚಾಗಿ ಎದುರಿಸುವ ತೊಂದರೆ ಇದಕ್ಕಿಂತ ಚಿಕ್ಕದು, ಹೆಚ್ಚಾಗಿ ನೆಲಮಾಳಿಗೆಯದು. ಕೋಣೆಯಲ್ಲಿ ಕಮಟು ವಾಸನೆ ಬರುತ್ತದೆ, ಗೋಡೆಯ ಬುಡದ ಜಿಪ್ಸಮ್ ಬೋರ್ಡು ಉಬ್ಬಿರುತ್ತದೆ, ಬೋರ್ಡನ್ನು ಒಂದಡಿ ಎತ್ತರಕ್ಕೆ ಕತ್ತರಿಸಿ ತೆಗೆದಾಗ ಫೋಮ್ ಹಲಗೆಯ ಕೀಲಿನಲ್ಲಿ ಕಪ್ಪು ಚುಕ್ಕೆಗಳ ಸಾಲು ಕಾಣಿಸುತ್ತದೆ. ಇದು ಬೂಸ್ಟು. ಅದಕ್ಕೆ ಪಾಲಿಸ್ಟೈರೀನ್ ಆಹಾರವಲ್ಲ. ಹಲಗೆಯ ಮೇಲೆ ಕೂತ ಧೂಳು, ಜಿಪ್ಸಮ್ ಬೋರ್ಡಿನ ಕಾಗದ, ಚೌಕಟ್ಟಿನ ಮರ ಇವೇ ಆಹಾರ, ಮತ್ತು ಮೇಲ್ಮೈಯ ಬಳಿ ಸಾಪೇಕ್ಷ ಆರ್ದ್ರತೆ ಶೇ. 80ನ್ನು ಮೀರಿ ಕೆಲವು ದಿನ ನಿಂತರೆ ಅದಕ್ಕೆ ಸಾಕು. ಹಲಗೆಯನ್ನು ಗೋಡೆಯಿಂದ ಬಿಡಿಸಿ ಕೈಯಲ್ಲಿ ಎತ್ತಿ ನೋಡುವುದೇ ಮೊದಲ ಪರೀಕ್ಷೆ. ನಾಲ್ಕಡಿಗೆ ಎಂಟಡಿಯ, ಎರಡಿಂಚು ದಪ್ಪದ ಒಣ ಇಪಿಎಸ್ ಹಲಗೆ ಎರಡೂವರೆ ಕಿಲೋಗ್ರಾಂ ಕೂಡ ತೂಗುವುದಿಲ್ಲ. ಅದರ ಗಾತ್ರದ ಶೇ. 5ರಷ್ಟು ನೀರು ಸೇರಿದರೆ ಏಳೂವರೆ ಲೀಟರ್ ಆಗಿ, ತೂಕ ಹತ್ತು ಕಿಲೋಗ್ರಾಮಿಗೆ ಏರುತ್ತದೆ. ಇನ್ನಷ್ಟು ನಿಖರತೆ ಬೇಕೆಂದರೆ ಹತ್ತು ಸೆಂಟಿಮೀಟರ್ ಉದ್ದಗಲದ, ಐದು ಸೆಂಟಿಮೀಟರ್ ದಪ್ಪದ ತುಂಡನ್ನು ಕತ್ತರಿಸಿ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಬೆಚ್ಚಗಿನ ಗಾಳಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿ ಮತ್ತೆ ತೂಗಬಹುದು. ಆ ತುಂಡಿನ ಗಾತ್ರ 500 ಘನ ಸೆಂಟಿಮೀಟರ್ ಇರುವುದರಿಂದ ಕಳೆದುಹೋದ ಪ್ರತಿ ಐದು ಗ್ರಾಂ ಶೇ. 1ಕ್ಕೆ ಸಮ. ಬೇಗ ಒಣಗಲಿ ಎಂದು ಓವನ್ನಿನಲ್ಲಿಡುವುದು ತಪ್ಪು, ಪಾಲಿಸ್ಟೈರೀನ್ 75 ಡಿಗ್ರಿ ದಾಟಿದರೆ ಆಕಾರ ಕಳೆದುಕೊಳ್ಳುತ್ತದೆ.

ನೀರು ಗೋಡೆಯ ಮೂಲಕ ಬಂದದ್ದೋ, ಕೋಣೆಯ ಗಾಳಿಯಿಂದ ಇಳಿದದ್ದೋ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಯಾವ ದುರಸ್ತಿಗೂ ಅರ್ಥವಿಲ್ಲ. ಇದಕ್ಕೊಂದು ಹಳೆಯ, ಖರ್ಚಿಲ್ಲದ ಪರೀಕ್ಷೆ ಇದೆ: ಬರಿಯ ಕಾಂಕ್ರೀಟ್ ಗೋಡೆಯ ಮೇಲೆ ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ, ಒಂದು ರಾತ್ರಿ ಕಳೆದ ಮೇಲೆ ನೋಡುವುದು. ಹಾಳೆಯ ಹಿಂಬದಿಯಲ್ಲಿ ಹನಿಗಳಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೀರು ಮಣ್ಣಿನಿಂದ ಗೋಡೆ ದಾಟಿ ಬರುತ್ತಿದೆ. ಕೋಣೆಯ ಕಡೆಯ ಮುಖ ಒದ್ದೆಯಾಗಿದ್ದರೆ ಗಾಳಿಯ ಆವಿ ತಣ್ಣನೆಯ ಮೇಲ್ಮೈಯಲ್ಲಿ ಇಳಿಯುತ್ತಿದೆ. ಎರಡೂ ಕಡೆ ಒದ್ದೆಯಾಗುವುದೂ ಅಪರೂಪವಲ್ಲ. ಕಾಂಕ್ರೀಟಿನ ಮೇಲೆ ಬಿಳಿಯ ಉಪ್ಪಿನ ಪುಡಿ ಕಂಡರೆ ಮೊದಲ ಕಾರಣಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತೆ, ಏಕೆಂದರೆ ಗೋಡೆಯೊಳಗಿನ ಲವಣವನ್ನು ಕರಗಿಸಿ ತಂದ ನೀರು ಮೇಲ್ಮೈಯಲ್ಲಿ ಆರಿದಾಗ ಆ ಲವಣ ಅಲ್ಲೇ ಉಳಿಯುತ್ತದೆ. ಎರಡನೆಯ ಕಾರಣದಲ್ಲಿ ಬೇಸಿಗೆಯೇ ಕೆಟ್ಟ ಕಾಲ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಹೊರಗೆ 27 ಡಿಗ್ರಿ ಉಷ್ಣತೆ, ಶೇ. 60 ಆರ್ದ್ರತೆ ಇರುವ ದಿನ ಗಾಳಿಯ ಇಬ್ಬನಿ ಬಿಂದು 18 ಡಿಗ್ರಿಗೂ ಮೇಲಿರುತ್ತದೆ, ಮಣ್ಣಿನೊಳಗಿನ ಗೋಡೆಯ ಬುಡ ಅದಕ್ಕಿಂತ ತಣ್ಣಗಿರುತ್ತದೆ. ಕಮಟು ಹೋಗಲಿ ಎಂದು ನೆಲಮಾಳಿಗೆಯ ಕಿಟಕಿ ತೆರೆದಿಡುವವರು ಅಂಥ ದಿನ ಗೋಡೆಗೆ ಇನ್ನಷ್ಟು ನೀರನ್ನು ಆಹ್ವಾನಿಸುತ್ತಾರೆ. ಆಗ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರ ಓಡಿಸುವುದೇ ಸರಿ.

ದುರಸ್ತಿ ಆರಂಭವಾಗಬೇಕಾದದ್ದು ಫೋಮಿನಿಂದಲ್ಲ, ಮನೆಯ ಹೊರಗಿನಿಂದ. ಸೂರಿನ ದೋಣಿಯ ಕೊಳವೆ ಗೋಡೆಯ ಬುಡದಲ್ಲೇ ನೀರು ಸುರಿಯುತ್ತಿದ್ದರೆ ಅದನ್ನು ಕೆಲವು ಅಡಿ ಆಚೆಗೆ ಒಯ್ಯುವುದು, ಮೊದಲ ಹತ್ತು ಅಡಿಯಲ್ಲಿ ಆರು ಇಂಚು ಇಳಿಜಾರು ಬರುವಂತೆ ಅಂಗಳದ ಮಣ್ಣನ್ನು ಸರಿಪಡಿಸುವುದು, ಈ ಎರಡೇ ಕೆಲಸಗಳಿಂದ ಎಷ್ಟೋ ನೆಲಮಾಳಿಗೆಗಳು ಒಣಗುತ್ತವೆ. ದುಬಾರಿ ಜಲನಿರೋಧಕ ಲೇಪನಗಳ ಜಾಹೀರಾತುಗಳು ಇದನ್ನು ಹೇಳುವುದು ಕಡಿಮೆ. ಆಮೇಲೆ ಒಳಗಿನ ಕೆಲಸ. ನೆನೆದ ಜಿಪ್ಸಮ್ ಬೋರ್ಡು ಮತ್ತು ಗಾಜಿನ ನಾರಿನ ಹಾಸನ್ನು ಎಸೆಯದೆ ವಿಧಿಯಿಲ್ಲ. ಎಕ್ಸ್‌ಪಿಎಸ್ ಹಲಗೆ ಭಾರವಾಗಿಲ್ಲದಿದ್ದರೆ ಸಾಬೂನು ನೀರಿನಲ್ಲಿ ಒರೆಸಿ, ಎರಡೂ ಮುಖಕ್ಕೆ ಗಾಳಿ ತಾಗುವಂತೆ ನಿಲ್ಲಿಸಿ ಒಣಗಿಸಿ ಮತ್ತೆ ಬಳಸಬಹುದು. ಅಂಚು ಉಬ್ಬಿದ, ಹಾಳೆ ಬಿಟ್ಟುಕೊಂಡ ಪಾಲಿಐಸೊ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬೂಸ್ಟು ಹತ್ತು ಚದರ ಅಡಿಗಿಂತ ಕಡಿಮೆ ಹಬ್ಬಿದ್ದರೆ ಮನೆಯವರೇ ಮುಖಗವಸು, ಕೈಗವಸು ಹಾಕಿಕೊಂಡು ಸ್ವಚ್ಛ ಮಾಡಬಹುದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಬ್ಲೀಚಿಂಗ್ ದ್ರಾವಣವನ್ನು ವಾಡಿಕೆಯಾಗಿ ಬಳಸುವುದನ್ನು ಆ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಪೆಟ್ರೋಲು, ಅಸಿಟೋನುಗಳಿಂದ ಒರೆಸಿದರೆ ಪಾಲಿಸ್ಟೈರೀನ್ ಕಣ್ಣೆದುರೇ ಕರಗಿಹೋಗುತ್ತದೆ. ಅಂಟಿನಲ್ಲಿ ಅಂಥ ದ್ರಾವಕ ಇದ್ದರೂ ಗತಿ ಅದೇ. ಚೌಕಟ್ಟಿನ ಮರವನ್ನು ತೇವಮಾಪಕದ ಎರಡು ಸೂಜಿ ಚುಚ್ಚಿ ಅಳೆದು, ತೇವಾಂಶ ಶೇ. 15ರ ಆಸುಪಾಸಿಗೆ ಇಳಿದಿದೆ ಎಂದು ಖಾತರಿಯಾದ ಮೇಲೆಯೇ ಗೋಡೆಯನ್ನು ಮುಚ್ಚಬೇಕು, ಶೇ. 20ರ ಮೇಲೆ ಅಪಾಯ ಆರಂಭ, ಶೇ. 28ರ ಬಳಿ ಮರ ಕೊಳೆಸುವ ಶಿಲೀಂಧ್ರಗಳು ನೆಲೆಯೂರುತ್ತವೆ.

ಮತ್ತೆ ಹಚ್ಚುವಾಗ ಹಲಗೆಗೂ ಕಾಂಕ್ರೀಟಿಗೂ ನಡುವೆ ಗಾಳಿ ಸುಳಿಯದಂತೆ ಒತ್ತಿ ಅಂಟಿಸಿ, ಕೀಲುಗಳಿಗೆ ಟೇಪು ಹಾಕಿ, ಮೇಲಿನ ಅಂಚನ್ನು ಫೋಮಿನ ತುಂತುರಿನಿಂದ ಮುಚ್ಚುವುದು ಕ್ರಮ. ಹಲಗೆಯ ಹಿಂದೆ ಒಂದು ಬೆರಳಿನಷ್ಟು ಸಂದಿ ಉಳಿದು ಅದರೊಳಗೆ ಕೋಣೆಯ ಗಾಳಿ ಸುತ್ತಾಡುತ್ತಿದ್ದರೆ, ಫೋಮ್ ಇದ್ದೂ ಗೋಡೆ ಬೆವರುತ್ತಲೇ ಇರುತ್ತದೆ. ಮರದ ನೆಲಹಾಸಿನ ತೊಲೆಗಳು ತಳಪಾಯದ ಮೇಲೆ ಕೂರುವ ಜಾಗ ಎಲ್ಲಕ್ಕಿಂತ ಸೋರುವ ಜಾಗ. ಅಲ್ಲಿ ಪ್ರತಿ ಎರಡು ತೊಲೆಗಳ ನಡುವಿನ ಅಳತೆಗೆ ಹಲಗೆಯನ್ನು ಕತ್ತರಿಸಿ ಕೂರಿಸಿ ಸುತ್ತಲೂ ಮುಚ್ಚುವ ಕೆಲಸ ಬೇಸರದ್ದಾದರೂ ಅದನ್ನು ಬಿಟ್ಟರೆ ಮಿಕ್ಕದ್ದು ವ್ಯರ್ಥ. ಫೋಮಿನ ಮೇಲೆ ಮತ್ತೊಂದು ಪಾಲಿಥಿನ್ ಹಾಳೆಯನ್ನು ಹಾಕಬಾರದು, ಹಾಕಿದರೆ ವಿಲ್ಮಿಂಗ್ಟನ್‌ನ ಗೋಡೆಯೇ ಚಿಕ್ಕ ಪ್ರಮಾಣದಲ್ಲಿ ಮರಳಿ ಬರುತ್ತದೆ. ಬೆಂಕಿಯ ಭಯಕ್ಕೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡನ್ನು ಮಾತ್ರ ಮರೆಯುವಂತಿಲ್ಲ.

ಫೋಮನ್ನು ಮರದ ಗೋಡೆಯ ಹೊರಗಡೆ ಹಚ್ಚುವಾಗ ದಪ್ಪದ ಪ್ರಶ್ನೆ ಏಳುತ್ತದೆ, ಮತ್ತು ಇಲ್ಲಿ ಉಳಿತಾಯವೇ ಹಾನಿ. ತೆಳುವಾದ ಹಲಗೆ ಗೋಡೆಯ ಮರದ ಹೊದಿಕೆ ಹೊರಕ್ಕೆ ಒಣಗುವುದನ್ನು ತಡೆಯುತ್ತದೆ, ಆದರೆ ಅದನ್ನು ಇಬ್ಬನಿ ಬಿಂದುವಿಗಿಂತ ಬೆಚ್ಚಗಿಡಲು ಸಾಲುವುದಿಲ್ಲ. ಆದ್ದರಿಂದಲೇ ಅಮೆರಿಕದ ವಸತಿ ಸಂಹಿತೆ ಒಳಬದಿಯ ಆವಿತಡೆಯನ್ನು ಸಡಿಲಿಸಬೇಕಾದರೆ ಹೊರಗಿನ ಫೋಮ್ ಇಷ್ಟಾದರೂ ಇರಬೇಕೆಂದು ಹವಾಮಾನ ವಲಯವಾರು ಗೊತ್ತುಮಾಡಿದೆ: ಚಿಕಾಗೋ ಇರುವ ಐದನೆಯ ವಲಯದಲ್ಲಿ ನಾಲ್ಕು ಇಂಚಿನ ಚೌಕಟ್ಟಿನ ಗೋಡೆಗೆ ಆರ್-5, ಎಂದರೆ ಸುಮಾರು ಒಂದು ಇಂಚಿನ ಎಕ್ಸ್‌ಪಿಎಸ್; ಮಿನಿಯಾಪೊಲಿಸ್ ಇರುವ ಆರನೆಯ ವಲಯದಲ್ಲಿ ಆರ್-7.5. ಆರ್ ಎಂಬುದು ಶಾಖದ ಹರಿವಿಗೆ ಪದರವೊಡ್ಡುವ ತಡೆಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು. ದಕ್ಷಿಣದ ರಾಜ್ಯಗಳಲ್ಲಿ ಇನ್ನೊಂದು ತೊಡಕಿದೆ. ಗೆದ್ದಲು ಫೋಮನ್ನು ತಿನ್ನದಿದ್ದರೂ ಅದರೊಳಗೆ ಸುರಂಗ ಕೊರೆದು, ಯಾರ ಕಣ್ಣಿಗೂ ಬೀಳದೆ ಮರಕ್ಕೆ ಏರುವುದರಿಂದ, ಗೆದ್ದಲಿನ ಹಾವಳಿ ತೀವ್ರವಾಗಿರುವ ಫ್ಲಾರಿಡಾ, ಜಾರ್ಜಿಯಾಗಳಂಥ ಕಡೆ ನೆಲಮಟ್ಟದ ಕೆಳಗೆ ತಳಪಾಯದ ಹೊರಮೈಗೆ ಫೋಮ್ ಹಚ್ಚುವುದನ್ನೇ ಸಂಹಿತೆ ಸಾಮಾನ್ಯವಾಗಿ ನಿಷೇಧಿಸಿದೆ. ಒದ್ದೆ ಮಣ್ಣು, ಮೆತ್ತನೆಯ ಹಲಗೆ ಎರಡೂ ಗೆದ್ದಲಿಗೆ ಅನುಕೂಲ ಎಂಬುದನ್ನು ಮಲೆನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ನಿಯಮಗಳು ಶಾಖ ಒಳಗಿನಿಂದ ಹೊರಕ್ಕೆ ಹರಿಯುವ ದೇಶಗಳವು. ಕರ್ನಾಟಕದಲ್ಲಿ ಆವಿಯ ದಿಕ್ಕು ತಿರುಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ 30 ಡಿಗ್ರಿ ಉಷ್ಣತೆ, ಶೇ. 80 ಆರ್ದ್ರತೆ ಇರುವ ಗಾಳಿಯ ಇಬ್ಬನಿ ಬಿಂದು 26 ಡಿಗ್ರಿ. ಏಸಿ ಹಾಕಿ 24 ಡಿಗ್ರಿಗೆ ತಣಿಸಿದ ಕೋಣೆಯ ಗೋಡೆಗೆ ಹೊರಗಿನ ಆವಿ ನುಗ್ಗಿ, ಒಳಮೈಗೆ ಅಂಟಿಸಿದ ವಿನೈಲ್ ವಾಲ್‌ಪೇಪರಿನ ಹಿಂದೆ ನೀರಾಗಿ ನಿಲ್ಲುತ್ತದೆ. ಚಳಿದೇಶದ ಕೈಪಿಡಿಯನ್ನು ನೋಡಿ ಆವಿತಡೆಯನ್ನು ಒಳಬದಿಗೆ ಹಾಕಿದವರು ಇಲ್ಲಿ ಬೂಸ್ಟನ್ನು ತಾವೇ ಬೆಳೆಸಿದಂತಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯ ಕೆಂಪು ಮಾಸದಂತೆ ಕಾಪಿಡುವ ಶೀತಲಗೃಹಗಳಲ್ಲಿ ಇದು ಇನ್ನೂ ಕಟ್ಟುನಿಟ್ಟು: ಒಳಗೆ ವರ್ಷದ ಬಹುಕಾಲ ತಂಪು, ಹೊರಗೆ ಯಾವಾಗಲೂ ಸೆಖೆ. ಆದ್ದರಿಂದ ಫೋಮ್ ಪ್ಯಾನೆಲ್‌ಗಳ ಆವಿತಡೆ ಹೊರಮುಖದಲ್ಲೇ ಇರಬೇಕು, ಕೊಳವೆಗಳು ಗೋಡೆ ದಾಟುವ ಪ್ರತಿ ತೂತನ್ನೂ ಹೊರಗಡೆಯಿಂದಲೇ ಮುಚ್ಚಬೇಕು. ಅಂಥ ಗೋಡೆಯಲ್ಲಿ ಆವಿ ಒಂದೇ ದಿಕ್ಕಿಗೆ ಸಾಗುವುದರಿಂದ ಋತು ಬದಲಾಗಿ ಒಣಗುವ ಅವಕಾಶವೂ ಇಲ್ಲ. ಒಮ್ಮೆ ನೆನೆದ ಪ್ಯಾನೆಲ್ಲನ್ನು ಬದಲಿಸಬೇಕಾಗುತ್ತದೆ, ಮತ್ತು ಬದಲಿಸಬೇಕಾದ ಹೊತ್ತು ಬಂದಿದೆ ಎಂಬುದನ್ನು ಗೋಡೆ ಹೇಳುವುದಕ್ಕಿಂತ ಮೊದಲೇ, ಹೊರೆ ಅಷ್ಟೇ ಇದ್ದರೂ ದಿನದಲ್ಲಿ ಹೆಚ್ಚು ಗಂಟೆ ಓಡತೊಡಗಿದ ಕಂಪ್ರೆಸರ್ ಮತ್ತು ಏರಿದ ಕರೆಂಟ್ ಬಿಲ್ಲು ಹೇಳುತ್ತವೆ.